ಬರೆಯುವವರಿಗೆ ಅಂತರ್ಜಾಲದಲ್ಲಿ ಒಳ್ಳೆಯ ಜೊತೆ: ಗುಂಪು, ಸಲಕರಣೆ ಹುಡುಕಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಬರೆಯುವವರ ಗುಂಪುಗಳಿಗೆ ಅಂತರ್ಜಾಲದಲ್ಲಿ ಬರವಿಲ್ಲ. ಬರವಿರುವುದು ನಿಮ್ಮ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಎಲ್ಲಿ ಮನಸ್ಸು ನಿಂತಿತು, ಎಲ್ಲಿ ಜಾರಿತು ಎಂದು ಬಿಡಿಸಿ ಹೇಳುವ ಓದುಗರಿಗೆ. ಐವತ್ತು ಸಾವಿರ ಸದಸ್ಯರಿರುವ ಗುಂಪಿನಲ್ಲಿ ಅಂಥವರು ಒಬ್ಬರೂ ಸಿಗದೆ ಹೋಗಬಹುದು. ಆರು ಜನರ ಗುಂಪಿನಲ್ಲಿ ಆರೂ ಮಂದಿ ಅಂಥವರೇ ಇರಬಹುದು. ಆದ್ದರಿಂದ ಸದಸ್ಯರೆಷ್ಟು ಎಂದು ಕೇಳುವುದಕ್ಕಿಂತ ಅಲ್ಲಿ ಓದುವ ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಿ. ಮುಂದಿನ ಹಂತಗಳೆಲ್ಲ ಅದನ್ನು ಪತ್ತೆ ಹಚ್ಚುವುದಕ್ಕಾಗಿಯೇ ಇವೆ.

ಹಂತ 1: ನಿಮಗೇನು ಬೇಕೆಂದು ಒಂದೇ ವಾಕ್ಯದಲ್ಲಿ ಬರೆದಿಡಿ

ಕರಡಿನ ಮೇಲೆ ವಿಮರ್ಶೆ ಬೇಕೆನ್ನುವವರು ಒಂದು ಬಗೆ. ದಿನವೂ ಬರೆಯುವ ಶಿಸ್ತಿಗೆ ಜೊತೆ ಬೇಕೆನ್ನುವವರು ಇನ್ನೊಂದು ಬಗೆ. ಕೆಲವರಿಗೆ ಪದ, ವ್ಯಾಕರಣ, ಹಳೆಯ ಕಾಲದ ವಿವರ ಬೇಕು. ಮತ್ತೆ ಕೆಲವರಿಗೆ ಪ್ರಕಟಣೆಯ ದಾರಿ ತಿಳಿಯಬೇಕು. ಈ ನಾಲ್ಕೂ ಒಂದೇ ಕಡೆ ಸಿಗುವುದು ಅಪರೂಪ. ಎಲ್ಲವನ್ನೂ ಒಂದೇ ಗುಂಪಿನಿಂದ ನಿರೀಕ್ಷಿಸಿದವರು ಬೇಗ ಬೇಸತ್ತು ಹೊರಬರುತ್ತಾರೆ.

ವಾಕ್ಯ ಹೀಗಿರಲಿ: "ಮೂರು ಸಾವಿರ ಪದಗಳ ಕಥೆಯೊಂದರ ಎರಡನೇ ಕರಡು ಕೈಯಲ್ಲಿದೆ, ಅಂತ್ಯ ನಂಬುವಂತಿದೆಯೇ ಎಂದು ತಿಳಿಯಬೇಕು, ವಾರಕ್ಕೆ ಮೂರು ಗಂಟೆ ಕೊಡಬಲ್ಲೆ." ಕೊನೆಯ ಭಾಗವನ್ನು ಬಿಡಬೇಡಿ. ಮೂರು ಸಾವಿರ ಪದ ಓದಿ, ಕೆಲಸಕ್ಕೆ ಬರುವ ವಿಮರ್ಶೆ ಬರೆಯಲು ಒಂದರಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ವಾರಕ್ಕೆ ಮೂರು ಗಂಟೆ ಇದ್ದರೆ ಎರಡು ಮೂರು ವಿಮರ್ಶೆ ಮಾತ್ರ ಸಾಧ್ಯ, ಅಂದರೆ ಒಂದು ಗುಂಪು ಸಾಕು. ಏಳೆಂಟು ಗುಂಪುಗಳಿಗೆ ಸೇರಿಕೊಂಡರೆ ದಿನವೆಲ್ಲ ಸಂದೇಶ ನೋಡುವುದರಲ್ಲೇ ಕಳೆಯುತ್ತದೆ, ಬರವಣಿಗೆ ಅಲ್ಲೇ ನಿಲ್ಲುತ್ತದೆ.

ಮೊದಲ ಕರಡು ಇನ್ನೂ ಮುಗಿದಿಲ್ಲವೆಂದರೆ ವಿಮರ್ಶೆಯ ಗುಂಪಿಗೆ ಹೋಗಬೇಡಿ. ಅರ್ಧ ಬರೆದದ್ದನ್ನು ತೋರಿಸಿದರೆ ಓದಿದವರು ತಮಗೆ ತೋಚಿದ ಕಥೆಯನ್ನು ಹೇಳತೊಡಗುತ್ತಾರೆ. ನೀವು ಮೂರನೇ ಅಧ್ಯಾಯ ಬರೆಯುವುದನ್ನು ಬಿಟ್ಟು ಒಂದನೆಯದನ್ನೇ ತಿದ್ದುತ್ತಾ ಕೂರುತ್ತೀರಿ. ಆ ಹಂತದಲ್ಲಿ ಬೇಕಾದದ್ದು ಜೊತೆಗೆ ಕೂತು ಬರೆಯುವವರು, ಅಷ್ಟೇ.

ಹಂತ 2: ಯಾವ ಜಾಗದಲ್ಲಿ ಏನು ಸಿಗುತ್ತದೆಂದು ಅರಿಯಿರಿ

ಓದಿದರೆ ಮಾತ್ರ ಓದಿಸಿಕೊಳ್ಳಬಹುದು ಎಂಬ ನಿಯಮದ ಮೇಲೆ ನಡೆಯುವ ತಾಣಗಳು ವಿಮರ್ಶೆಗೆ ಎಲ್ಲಕ್ಕಿಂತ ನಂಬಿಕಸ್ಥ. ಕ್ರಿಟೀಕ್ ಸರ್ಕಲ್‌ನಲ್ಲಿ ಬೇರೆಯವರ ಬರಹಕ್ಕೆ ವಿಮರ್ಶೆ ಬರೆದು ಕ್ರೆಡಿಟ್ ಗಳಿಸಬೇಕು, ಅದನ್ನು ಖರ್ಚು ಮಾಡಿ ನಿಮ್ಮದನ್ನು ಹಾಕಬೇಕು. ಸ್ಕ್ರೈಬೋಫೈಲ್‌ನಲ್ಲಿ ಅದೇ ಲೆಕ್ಕಕ್ಕೆ ಕರ್ಮ ಎಂದು ಹೆಸರು. ವೈಜ್ಞಾನಿಕ ಕಥೆ, ಅದ್ಭುತ ಕಥೆ, ಭಯಾನಕ ಕಥೆ ಬರೆಯುವವರಿಗಾಗಿ 1995ರಲ್ಲಿ ಶುರುವಾದ ಕ್ರಿಟರ್ಸ್‌ನಲ್ಲಿ ಸುಮಾರಾಗಿ ನಾಲ್ಕು ವಾರಗಳಲ್ಲಿ ಮೂರು ವಾರವಾದರೂ ವಿಮರ್ಶೆ ಬರೆದಿರಬೇಕು. ಚರ್ಚಾ ತಾಣ ರೆಡಿಟ್‌ನ ಡಿಸ್ಟ್ರಕ್ಟಿವ್ ರೀಡರ್ಸ್ ಗುಂಪು ಇನ್ನೂ ಕಟ್ಟುನಿಟ್ಟು: ನೀವು ಎಷ್ಟು ಪದಗಳ ಬರಹ ಹಾಕುತ್ತೀರೋ ಕನಿಷ್ಠ ಅಷ್ಟೇ ಪದಗಳ ಬೇರೆಯವರ ಬರಹವನ್ನು ಮೊದಲು ವಿಮರ್ಶಿಸಿರಬೇಕು, ಅದೂ ಕಾಟಾಚಾರದ ವಿಮರ್ಶೆ ನಡೆಯದು. ಮಾತು ಅಲ್ಲಿ ಖಾರವಾಗಿರುತ್ತದೆ, ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ. ಈ ತಾಣಗಳ ವ್ಯವಹಾರ ಇಂಗ್ಲಿಷ್‌ನಲ್ಲಿ. ಆದರೂ ವಿಮರ್ಶೆ ಬರೆಯುವ ಕಲೆ ಕಲಿಯಲು ಕನ್ನಡದಲ್ಲಿ ಬರೆಯುವವರೂ ಅಲ್ಲಿ ಕೆಲವು ವಾರ ಓದಿದರೆ ಲಾಭವಿದೆ.

ವಾಟ್‌ಪ್ಯಾಡ್, ಪ್ರತಿಲಿಪಿಯಂಥ ವೇದಿಕೆಗಳ ಉದ್ದೇಶವೇ ಬೇರೆ. ಅಲ್ಲಿಗೆ ಬರುವವರು ಕಥೆ ಓದಿ ಖುಷಿಪಡಲು ಬರುತ್ತಾರೆ. ಯಾವ ಅಧ್ಯಾಯದಲ್ಲಿ ಓದುಗರ ಸಂಖ್ಯೆ ಕುಸಿಯಿತು ಎಂದು ಅಲ್ಲಿ ಕಾಣುತ್ತದೆ, ಏಕೆ ಕುಸಿಯಿತು ಎಂದು ಯಾರೂ ಹೇಳುವುದಿಲ್ಲ. ಧಾರಾವಾಹಿ ಬರೆದು ಓದುಗ ಬಳಗ ಕಟ್ಟಿಕೊಳ್ಳಲು ಅವು ಒಳ್ಳೆಯವು. ಕರಡು ತಿದ್ದಿಸಿಕೊಳ್ಳಲು ಅಲ್ಲಿಗೆ ಹೋದರೆ ನಿರಾಶೆ ಖಂಡಿತ.

ಫೇಸ್‌ಬುಕ್, ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಿಗೆ ಸೇರುವುದು ಸುಲಭ, ಆದರೆ ಹಾಕಿದ್ದು ಒಂದೇ ದಿನದಲ್ಲಿ ಮೇಲೆ ಸರಿದು ಮರೆಯಾಗುತ್ತದೆ. ಕವಿತೆ, ಪುಟ್ಟ ಪ್ರಬಂಧಗಳಿಗೆ ನಡೆದೀತು, ಉದ್ದದ ಬರಹಕ್ಕೆ ಆಗದು. ಗುಂಪಾಗಿ ಮಾತಾಡುವ ತಾಣವಾದ ಡಿಸ್ಕಾರ್ಡ್‌ನಲ್ಲಿ ವಿಷಯಕ್ಕೊಂದು ಕೋಣೆ ಮಾಡಿಕೊಳ್ಳಬಹುದಾದ್ದರಿಂದ ವಿಮರ್ಶೆ, ಹರಟೆ, ಜೊತೆಗೆ ಬರೆಯುವ ಅವಧಿ ಎಲ್ಲವೂ ಬೇರೆ ಬೇರೆ ಇರುತ್ತವೆ. ಇಪ್ಪತ್ತೈದು ನಿಮಿಷ ಎಲ್ಲರೂ ಮೌನವಾಗಿ ಬರೆದು, ಐದು ನಿಮಿಷ ಎಷ್ಟು ಬರೆದೆವೆಂದು ಹೇಳಿಕೊಳ್ಳುವ ಸ್ಪ್ರಿಂಟ್‌ಗಳಿಗೆ ಅದು ಹೇಳಿ ಮಾಡಿಸಿದಂತಿದೆ.

ಹಂತ 3: ಹುಡುಕುವ ಪದ ಬದಲಿಸಿ

"ಬರಹಗಾರರ ಗುಂಪು" ಎಂದು ಹುಡುಕಿದರೆ ಬರುವುದು ಬಹುತೇಕ ಜಾಹೀರಾತು. ನಿಮ್ಮ ಪ್ರಕಾರ, ನಿಮ್ಮ ಹಂತ, ನಿಮ್ಮ ತೊಡಕು ಮೂರನ್ನೂ ಸೇರಿಸಿ ಹುಡುಕಿ: "ಪತ್ತೇದಾರಿ ಕಾದಂಬರಿ ಬೀಟಾ ಓದುಗರು", "ಮಕ್ಕಳ ಕಥೆ ಕರಡು ವಿಮರ್ಶೆ" ಎನ್ನುವ ಹಾಗೆ. ಬೀಟಾ ಓದುಗರೆಂದರೆ ಪ್ರಕಟಣೆಗೆ ಮುನ್ನ ಕರಡು ಓದಿ ಅಭಿಪ್ರಾಯ ಹೇಳುವವರು. ಕನ್ನಡದಲ್ಲೊಮ್ಮೆ, ಇಂಗ್ಲಿಷ್‌ನಲ್ಲೊಮ್ಮೆ ಹುಡುಕಿ. ಎರಡೂ ಕೊಡುವ ಫಲಿತಾಂಶ ಬೇರೆಯೇ. ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟರೆ ಅದೇ ಕ್ರಮದಲ್ಲಿರುವ ಪುಟಗಳಷ್ಟೇ ಸಿಗುತ್ತವೆ. ಹುಡುಕಾಟದ ಸಾಧನಪಟ್ಟಿಯಲ್ಲಿ "ಕಳೆದ ಒಂದು ವರ್ಷ" ಎಂದು ಆರಿಸಿದರೆ ಸತ್ತುಹೋದ ಗುಂಪುಗಳು ಅರ್ಧಕ್ಕರ್ಧ ಉದುರಿಹೋಗುತ್ತವೆ.

ಆದರೆ ಡಿಸ್ಕಾರ್ಡ್, ವಾಟ್ಸ್‌ಆ್ಯಪ್‌ನಂಥ ಮುಚ್ಚಿದ ಜಾಗಗಳಲ್ಲಿ ನಡೆಯುವ ಮಾತುಕತೆ ಗೂಗಲ್‌ಗೆ ಕಾಣುವುದಿಲ್ಲ. ಒಳ್ಳೆಯ ಗುಂಪುಗಳಲ್ಲಿ ಹೆಚ್ಚಿನವು ಇರುವುದು ಅಲ್ಲೇ. ಅವುಗಳ ಬಾಗಿಲು ತಿಳಿಯುವುದು ಮನುಷ್ಯರಿಂದ. ನಿಮಗೆ ಹಿಡಿಸಿದ ಹೊಸ ಪುಸ್ತಕದ ಕೃತಜ್ಞತೆಯ ಪುಟ ಓದಿ, ಕರಡು ಓದಿಕೊಟ್ಟವರ ಬಳಗದ ಹೆಸರು ಅಲ್ಲಿರುತ್ತದೆ. ಆನ್‌ಲೈನ್ ಕಮ್ಮಟ ಮುಗಿದ ಮೇಲೂ ಒಟ್ಟಿಗೆ ಉಳಿದವರು ಇರುತ್ತಾರೆ. ತೆರೆದ ಫೋರಂನಲ್ಲಿ ಯಾರೋ ಬರೆದ ಒಳ್ಳೆಯ ವಿಮರ್ಶೆ ಕಣ್ಣಿಗೆ ಬಿದ್ದರೆ "ನೀವು ಹೀಗೆ ಓದುವ ಬೇರೆ ಗುಂಪು ಯಾವುದಾದರೂ ಇದೆಯೇ?" ಎಂದು ಮರ್ಯಾದೆಯಿಂದ ಕೇಳಿ. ಈ ಪ್ರಶ್ನೆಗೆ ಉತ್ತರ ಸಿಗುವ ಸಂಭವ ಹೆಚ್ಚು.

ಹಂತ 4: ಎರಡು ವಾರ ಬಾಯಿ ಮುಚ್ಚಿ ಓದಿ

ಸೇರಿದ ಕೂಡಲೇ ಬರಹ ಹಾಕಬೇಡಿ. ಮೊದಲು ಪಿನ್ ಮಾಡಿರುವ ನಿಯಮಗಳನ್ನು ಪೂರ್ತಿ ಓದಿ. ಹೊಸಬರ ಪೋಸ್ಟ್ ಅಳಿಸಿಹೋಗಲು ಸಾಮಾನ್ಯ ಕಾರಣ ಪದಮಿತಿ ಮೀರಿರುವುದು ಅಥವಾ ಪ್ರಕಾರದ ಟ್ಯಾಗ್ ಹಾಕದಿರುವುದು. ನಂತರ ಒಂದು ಸಣ್ಣ ಎಣಿಕೆ ಮಾಡಿ. ವಿಮರ್ಶೆ ಕೇಳಿ ಹಾಕಿದ ಇತ್ತೀಚಿನ ಇಪ್ಪತ್ತು ಪೋಸ್ಟ್ ತೆಗೆದುಕೊಳ್ಳಿ. ಅವುಗಳಲ್ಲಿ ಎಷ್ಟಕ್ಕೆ ಬರಹದ ನಿರ್ದಿಷ್ಟ ವಾಕ್ಯವನ್ನೋ ದೃಶ್ಯವನ್ನೋ ಎತ್ತಿ ಹೇಳಿದ ಪ್ರತಿಕ್ರಿಯೆ ಬಂದಿದೆ? ಹತ್ತಕ್ಕೆ ಬಂದಿದ್ದರೆ ಉಳಿಯಿರಿ. ಐದಕ್ಕಿಂತ ಕಡಿಮೆಯಿದ್ದರೆ ಹೊರಡಿ. "ಸೂಪರ್", "ಮನಮುಟ್ಟುವಂತಿದೆ", ಕೈಮುಗಿದ ಚಿತ್ರ ಇವು ಎಣಿಕೆಗೆ ಇಲ್ಲ.

ಯಾರಾದರೂ ಒಪ್ಪದ ಮಾತು ಹೇಳಿದಾಗ ಏನಾಗುತ್ತದೆ ಎಂದೂ ಗಮನಿಸಿ. ಬರಹವನ್ನು ಬಿಟ್ಟು ಬರೆದವರ ಜಾತಿ, ವಯಸ್ಸು, ಓದಿನ ಮೇಲೆ ಮಾತು ಹೊರಳಿದಾಗ ಮಾಡರೇಟರ್ ಮಧ್ಯೆ ಬರುತ್ತಾರೆಯೇ? ಬಾರದಿದ್ದರೆ ಅಲ್ಲಿ ನಿಮ್ಮ ಕರಡನ್ನು ಹಾಕುವುದು ಕ್ಷೇಮವಲ್ಲ. ಗುಂಪು ನಡೆಸುವವರೇ ವಾರಕ್ಕೆರಡು ಸಲ ತಮ್ಮ ಕೋರ್ಸ್, ತಮ್ಮ ಪ್ರಕಾಶನ ಪ್ಯಾಕೇಜ್ ಮಾರುತ್ತಿದ್ದರೆ ನೀವು ಅಲ್ಲಿ ಗಿರಾಕಿ, ಸದಸ್ಯರಲ್ಲ.

ಹಂತ 5: ಮೊದಲು ಮೂರು ವಿಮರ್ಶೆ ಕೊಡಿ

ಹೊಸಬರು ತಪ್ಪುವುದು ಹೆಚ್ಚಾಗಿ ಇಲ್ಲೇ. ಬಂದ ದಿನವೇ "ನನ್ನ ಕಾದಂಬರಿ ಓದಿ ಅಭಿಪ್ರಾಯ ತಿಳಿಸಿ" ಎಂದು ಹಾಕುತ್ತಾರೆ, ಉತ್ತರ ಬಾರದಿದ್ದಾಗ ಗುಂಪೇ ಸರಿಯಿಲ್ಲ ಎನ್ನುತ್ತಾರೆ. ಮೂರು ಬೇರೆ ಬೇರೆ ಸದಸ್ಯರ ಬರಹಕ್ಕೆ ತಲಾ ಇನ್ನೂರು ಮುನ್ನೂರು ಪದಗಳ ವಿಮರ್ಶೆ ಕೊಟ್ಟ ಮೇಲೆ ನಿಮ್ಮದನ್ನು ಹಾಕಿ. ಆ ಮೂವರಲ್ಲಿ ಒಬ್ಬರಾದರೂ ತಿರುಗಿ ಓದುತ್ತಾರೆ.

ವಿಮರ್ಶೆ ಹೇಗಿರಬೇಕೆಂಬುದನ್ನು ಒಂದು ಉದಾಹರಣೆಯಲ್ಲೇ ನೋಡೋಣ. ಬರಹದಲ್ಲಿ ಹೀಗಿದೆ ಎಂದಿಟ್ಟುಕೊಳ್ಳಿ: "ಸುಮ ಬಾಗಿಲು ತೆರೆದಳು. ಅಣ್ಣ ನಿಂತಿದ್ದ. ಅವಳಿಗೆ ತುಂಬಾ ದುಃಖವಾಯಿತು. ಹತ್ತು ವರ್ಷಗಳ ನಂತರ ಅವನನ್ನು ನೋಡುತ್ತಿದ್ದಳು."

"ಭಾವನೆಗಳು ಇನ್ನೂ ಚೆನ್ನಾಗಿ ಬರಬೇಕು" ಎಂಬ ಪ್ರತಿಕ್ರಿಯೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಬರೆದವರು ಅದನ್ನು ಹಿಡಿದು ಏನೂ ಮಾಡಲಾರರು. ಬದಲಿಗೆ ಹೀಗೆ ಬರೆಯಬಹುದು: "ಅಣ್ಣ ನಿಂತಿದ್ದ ಎಂಬಲ್ಲಿ ನನಗೆ ಇದು ದಿನನಿತ್ಯದ ಭೇಟಿ ಅನ್ನಿಸಿತು. ಹತ್ತು ವರ್ಷದ ಮಾತು ಆಮೇಲೆ ಬಂದದ್ದರಿಂದ ದುಃಖ ಏಕೆಂದು ಒಂದು ವಾಕ್ಯ ತಡವಾಗಿ ತಿಳಿಯಿತು. ಗುರುತು ಹಿಡಿಯಲು ಸುಮಗೆ ಕ್ಷಣ ಹೊತ್ತಾದರೂ ಬೇಕಿತ್ತಲ್ಲವೇ? ದುಃಖವಾಯಿತು ಎನ್ನುವುದನ್ನು ತೆಗೆದು ಓದಿ ನೋಡಿದೆ, ಉಳಿದ ಮೂರು ವಾಕ್ಯಗಳೇ ಆ ಕೆಲಸ ಮಾಡುತ್ತವೆ." ಇಲ್ಲಿ ಜಾಗ ತೋರಿಸಿದ್ದಾರೆ, ಓದುವಾಗ ಆದದ್ದನ್ನು ಹೇಳಿದ್ದಾರೆ, ಕಾರಣ ಕೊಟ್ಟಿದ್ದಾರೆ. ದೃಶ್ಯವನ್ನು ತಾವೇ ಹೊಸದಾಗಿ ಬರೆದುಕೊಟ್ಟಿಲ್ಲ. ಆ ಸಂಯಮ ಮುಖ್ಯ, ಏಕೆಂದರೆ ಬೇರೆಯವರ ಬರಹವನ್ನು ನಮ್ಮ ಶೈಲಿಗೆ ತಿರುಗಿಸುವುದು ವಿಮರ್ಶೆಯಲ್ಲ.

ಹೀಗೆ ಬರೆಯುತ್ತಾ ಹೋದರೆ ಲಾಭ ನಿಮಗೇ. ಬೇರೆಯವರ ಪುಟದಲ್ಲಿ ತಡವಾಗಿ ಬಂದ ಮಾಹಿತಿಯನ್ನು ಗುರುತಿಸಿದ ಕಣ್ಣು ನಿಮ್ಮ ಪುಟದಲ್ಲೂ ಅದನ್ನು ಹಿಡಿಯತೊಡಗುತ್ತದೆ.

ಹಂತ 6: ಕೇಳುವ ರೀತಿ, ಕೇಳಿಸಿಕೊಳ್ಳುವ ರೀತಿ

ಪೋಸ್ಟ್‌ನಲ್ಲಿ ಐದು ಸಂಗತಿ ಇರಲಿ: ಪ್ರಕಾರ, ಪದಸಂಖ್ಯೆ, ಎಷ್ಟನೇ ಕರಡು, ಎರಡು ಮೂರು ನಿರ್ದಿಷ್ಟ ಪ್ರಶ್ನೆ, ಬೇಡವಾದದ್ದು. ಉದಾಹರಣೆಗೆ: "ಸಾಮಾಜಿಕ ಕಥೆ, 2,400 ಪದ, ಮೂರನೇ ಕರಡು. ತಾಯಿಯ ನಿರ್ಧಾರ ಎಲ್ಲಿಯಾದರೂ ದಿಢೀರೆನಿಸಿತೇ? ಯಾವ ಪ್ಯಾರಾದಲ್ಲಿ ಬಿಟ್ಟುಬಿಡೋಣ ಎನಿಸಿತು? ಕಾಗುಣಿತ ಈಗ ಬೇಡ, ಕೊನೆಗೆ ನೋಡಿಕೊಳ್ಳುತ್ತೇನೆ." ಹಿಂಸೆ, ಆತ್ಮಹತ್ಯೆಯಂಥ ವಿಷಯವಿದ್ದರೆ ಮೇಲೆಯೇ ಎಚ್ಚರಿಕೆ ಬರೆಯಿರಿ. ಮೊದಲ ಸಲ ಎರಡೂವರೆ ಸಾವಿರ ಪದ ಮೀರಬೇಡಿ, ಅದಕ್ಕಿಂತ ಉದ್ದದ್ದನ್ನು ಅಪರಿಚಿತರು ಅರ್ಧಕ್ಕೇ ಬಿಡುತ್ತಾರೆ.

ಅಭಿಪ್ರಾಯ ಬಂದಾಗ ವಾದಕ್ಕೆ ನಿಲ್ಲಬೇಡಿ. 1956ರಲ್ಲಿ ಅಮೆರಿಕದ ಮಿಲ್ಫರ್ಡ್‌ನಲ್ಲಿ ಶುರುವಾದ ಬರಹಗಾರರ ಕಮ್ಮಟದಿಂದ ಬಂದ ಪದ್ಧತಿಯೊಂದು ಇಂದಿಗೂ ಹಲವೆಡೆ ಬಳಕೆಯಲ್ಲಿದೆ: ಎಲ್ಲರೂ ಹೇಳಿ ಮುಗಿಸುವವರೆಗೆ ಬರೆದವರು ಮಾತಾಡುವಂತಿಲ್ಲ. ಆನ್‌ಲೈನ್‌ನಲ್ಲೂ ಅದನ್ನೇ ಪಾಲಿಸಿ. ನೀವು ವಿವರಿಸತೊಡಗಿದರೆ ಮುಂದೆ ಓದುವವರು ಆ ವಿವರಣೆಯ ಕಣ್ಣಿನಿಂದಲೇ ಬರಹವನ್ನು ನೋಡುತ್ತಾರೆ, ಪುಸ್ತಕ ಹಿಡಿದ ಓದುಗರಿಗೆ ಆ ವಿವರಣೆ ಸಿಗುವುದಿಲ್ಲ. ನೇರ ಟೀಕೆ ತಡೆಯಲು ಕಷ್ಟವೆಂದರೆ ನೃತ್ಯ ಸಂಯೋಜಕಿ ಲಿಜ್ ಲರ್ಮನ್ ರೂಪಿಸಿದ ನಾಲ್ಕು ಹೆಜ್ಜೆಯ ಕ್ರಮವನ್ನು ಗುಂಪಿಗೆ ಸೂಚಿಸಿ: ಮೊದಲು ಓದುಗರಿಗೆ ಯಾವುದು ಅರ್ಥಪೂರ್ಣ ಎನಿಸಿತು, ಆಮೇಲೆ ಬರೆದವರ ಪ್ರಶ್ನೆಗಳು, ನಂತರ ಓದುಗರ ತಟಸ್ಥ ಪ್ರಶ್ನೆಗಳು, ಕೊನೆಗೆ ಬರೆದವರು ಒಪ್ಪಿದರೆ ಅಭಿಪ್ರಾಯ.

ಬಂದದ್ದನ್ನೆಲ್ಲ ಒಂದು ಕಡತಕ್ಕೆ ನಕಲು ಮಾಡಿ ಎರಡು ದಿನ ಮುಟ್ಟಬೇಡಿ. ಆಮೇಲೆ ಪ್ಯಾರಾವಾರು ಜೋಡಿಸಿ. ಮೂವರು ಒಂದೇ ಜಾಗದಲ್ಲಿ ಎಡವಿದ್ದರೆ ಅಲ್ಲಿ ತೊಡಕಿರುವುದು ನಿಜ, ಅವರು ಸೂಚಿಸಿದ ಮೂರು ಪರಿಹಾರಗಳೂ ತಪ್ಪಿರಬಹುದು. ತೊಡಕಿನ ಬೇರು ಎಷ್ಟೋ ಸಲ ಎರಡು ಪುಟ ಹಿಂದೆ ಇರುತ್ತದೆ.

ಹಂತ 7: ಹಕ್ಕು ಮತ್ತು ಹಣದ ವಿಷಯದಲ್ಲಿ ಎಚ್ಚರ

ಯಾರು ಬೇಕಾದರೂ ತೆರೆದು ಓದಬಹುದಾದ ಜಾಗದಲ್ಲಿ ಪೂರ್ತಿ ಕಥೆ ಹಾಕಿದರೆ ಅನೇಕ ಪತ್ರಿಕೆಗಳು ಮತ್ತು ಸ್ಪರ್ಧೆಗಳು ಅದನ್ನು ಈಗಾಗಲೇ ಪ್ರಕಟವಾದದ್ದೆಂದು ತಳ್ಳಿಹಾಕುತ್ತವೆ. ಫೇಸ್‌ಬುಕ್ ಗೋಡೆಯೂ ಇದಕ್ಕೆ ಹೊರತಲ್ಲ. ಲಾಗಿನ್ ಆದವರಿಗಷ್ಟೇ ಕಾಣುವ ವಿಮರ್ಶಾ ತಾಣಗಳನ್ನು ಸಾಮಾನ್ಯವಾಗಿ ಪ್ರಕಟಣೆ ಎಂದು ಎಣಿಸುವುದಿಲ್ಲ, ಆದರೂ ಕಳಿಸಬೇಕೆಂದಿರುವ ಪತ್ರಿಕೆಯ ನಿಯಮವನ್ನು ಓದಿಯೇ ಹಾಕಿ. ತೆರೆದ ಜಾಗ ಅನಿವಾರ್ಯವಾದರೆ ಆರಂಭದ ಐನೂರು ಪದ ಮಾತ್ರ ಹಾಕಿ, ಉಳಿದದ್ದನ್ನು ಕೇಳಿದವರಿಗೆ ಗೂಗಲ್ ಡಾಕ್ಸ್‌ನಲ್ಲಿ ಕಾಮೆಂಟ್ ಮಾಡುವ ಅನುಮತಿಯಷ್ಟೇ ಕೊಟ್ಟು ಕಳಿಸಿ. ತಿದ್ದುವ ಅನುಮತಿ ಕೊಟ್ಟರೆ ಮೂಲ ಪಠ್ಯವೇ ಕಲಸಿಹೋಗುತ್ತದೆ. ಓದುವ ವೇದಿಕೆಗಳಲ್ಲಿ ಖಾತೆ ತೆರೆಯುವ ಮುನ್ನ ಷರತ್ತುಗಳಲ್ಲಿ ಪರವಾನಗಿ ಎಂಬ ಭಾಗವನ್ನು ಹುಡುಕಿ. ವೇದಿಕೆಗೆ ಕೊಡುವ ಹಕ್ಕು ಏಕಮಾತ್ರವೇ (ಅಂದರೆ ಬೇರೆ ಯಾರಿಗೂ ಕೊಡುವಂತಿಲ್ಲವೇ), ಬರಹ ತೆಗೆದ ಮೇಲೆ ಕೊನೆಯಾಗುತ್ತದೆಯೇ ಎಂಬ ಎರಡು ಪ್ರಶ್ನೆಗೆ ಅಲ್ಲಿ ಉತ್ತರ ಸಿಗಲೇಬೇಕು.

ವಂಚನೆ ಸಾಮಾನ್ಯವಾಗಿ ಹೊಗಳಿಕೆಯಿಂದ ಶುರುವಾಗುತ್ತದೆ. ಎಲ್ಲಿಂದಲೋ ಬಂದ ಮಿಂಚಂಚೆ ನಿಮ್ಮ ಕೃತಿಯನ್ನು ಕೊಂಡಾಡಿ, ಸಂಪಾದನೆಗೋ ಪ್ರಚಾರಕ್ಕೋ ನೋಂದಣಿಗೋ ಮುಂಗಡ ಕೇಳುತ್ತದೆ. ಹಣ ಬರಹಗಾರರ ಕಡೆಗೆ ಹರಿಯಬೇಕು ಎಂಬ ಮಾತನ್ನು ಲೇಖಕ ಜೇಮ್ಸ್ ಡಿ. ಮ್ಯಾಕ್‌ಡೊನಾಲ್ಡ್ ನಿಯಮದಂತೆ ರೂಢಿಗೆ ತಂದರು. ಪ್ರಕಾಶಕರೋ, ಬರಹವನ್ನು ಪ್ರಕಾಶಕರಿಗೆ ತಲುಪಿಸುವ ಏಜೆಂಟರೋ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ನೀವೇ ಪ್ರಕಟಿಸುವಾಗ ಸಂಪಾದಕರಿಗೆ, ಮುಖಪುಟ ಕಲಾವಿದರಿಗೆ ಸಂಭಾವನೆ ಕೊಡುವುದು ಬೇರೆ ಮಾತು, ಆಗ ಪ್ರಕಾಶಕರು ನೀವೇ. 1998ರಲ್ಲಿ ಆ್ಯನ್ ಕ್ರಿಸ್ಪಿನ್ ಮತ್ತು ವಿಕ್ಟೋರಿಯಾ ಸ್ಟ್ರಾಸ್ ಆರಂಭಿಸಿದ ರೈಟರ್ ಬಿವೇರ್ ಇಂಥ ಮೋಸಗಳನ್ನು ದಾಖಲಿಸುತ್ತಾ ಬಂದಿದೆ. ಸಂಸ್ಥೆಯ ಹೆಸರಿನ ಜೊತೆ "ದೂರು" ಎಂದು ಸೇರಿಸಿ ಹುಡುಕುವ ಮೊದಲು ಅಲ್ಲೊಮ್ಮೆ ನೋಡಿ.

ಹಂತ 8: ಮೇಜಿನ ಮೇಲಿರಬೇಕಾದ ಸಲಕರಣೆ

ಗುಂಪಿನಲ್ಲಿ ಕೇಳುವ ಅರ್ಧ ಪ್ರಶ್ನೆಗಳಿಗೆ ಉತ್ತರ ಈಗಾಗಲೇ ಎಲ್ಲೋ ಇದೆ. ಹಳೆಯ ಪುಸ್ತಕಗಳಿಗೆ 1971ರಲ್ಲಿ ಶುರುವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್, 1996ರಲ್ಲಿ ಶುರುವಾದ ಇಂಟರ್ನೆಟ್ ಆರ್ಕೈವ್ ಇವೆ. ಎರಡನೆಯದರಲ್ಲಿ ಸ್ಕ್ಯಾನ್ ಮಾಡಿದ ಕನ್ನಡ ಪುಸ್ತಕಗಳೂ ಸಿಗುತ್ತವೆ, ಆದರೆ ಹೆಸರುಗಳು ಇಂಗ್ಲಿಷ್ ಅಕ್ಷರಗಳಲ್ಲಿ ಹೇಗೆಂದರೆ ಹಾಗೆ ದಾಖಲಾಗಿರುವುದರಿಂದ ಒಂದೇ ಶೀರ್ಷಿಕೆಯನ್ನು ಮೂರು ನಾಲ್ಕು ಕಾಗುಣಿತಗಳಲ್ಲಿ ಹುಡುಕಬೇಕು. ಕನ್ನಡ ವಿಕಿಸೋರ್ಸ್‌ನಲ್ಲಿರುವುದು ಟೈಪ್ ಮಾಡಿದ ಪಠ್ಯ, ಹಾಗಾಗಿ ಪದ ಹುಡುಕಬಹುದು. ಪದಗಳಿಗೆ ವಿ. ಕೃಷ್ಣ ಅವರು ದಶಕಗಳ ದುಡಿಮೆಯಿಂದ ಕಟ್ಟಿದ ಕನ್ನಡ-ಇಂಗ್ಲಿಷ್ ನಿಘಂಟು ಅಲರ್ ಇದೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳ ಈ ನಿಘಂಟು 2019ರಿಂದ ಎಲ್ಲರಿಗೂ ಮುಕ್ತ. ಇಂಗ್ಲಿಷ್‌ನಲ್ಲಿ ಬರೆಯುವವರು ಅರ್ಥ ಟೈಪ್ ಮಾಡಿ ಪದ ಪಡೆಯುವ ಒನ್‌ಲುಕ್ ಬಳಸಬಹುದು. ಕಥೆ ಕಳಿಸಲು ಪತ್ರಿಕೆ ಹುಡುಕುವವರಿಗೆ ಸಬ್ಮಿಷನ್ ಗ್ರೈಂಡರ್ ಉಚಿತ, ಡುಯೊಟ್ರೋಪ್‌ಗೆ ಚಂದಾ ಕಟ್ಟಬೇಕು.

ಕನ್ನಡದಲ್ಲಿ ಬರೆಯುವವರಿಗೆ ಒಂದು ತಾಂತ್ರಿಕ ಕಿವಿಮಾತು. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದನ್ನು ಗುಂಪಿನಲ್ಲಿ ನೇರವಾಗಿ ಪೇಸ್ಟ್ ಮಾಡಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಆ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರ ಕೂರಿಸಿದ್ದವು, ಫಾಂಟ್ ಇಲ್ಲದ ಕಡೆ ಮುಖವಾಡ ಕಳಚುತ್ತದೆ. ಪರಿವರ್ತಕ ತಂತ್ರಾಂಶದಿಂದ, ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿ, ಆಮೇಲೆ ಅರ್ಕಾವತ್ತು, ಒತ್ತಕ್ಷರ, ಅಂಕಿ ಮತ್ತು ಉದ್ಧರಣ ಚಿಹ್ನೆಗಳನ್ನು ಕಣ್ಣಿಟ್ಟು ನೋಡಿ. ತಪ್ಪು ನುಸುಳುವುದು ಹೆಚ್ಚಾಗಿ ಈ ನಾಲ್ಕು ಕಡೆ.

ಹಂತ 9: ದೊಡ್ಡ ಗುಂಪಿನಿಂದ ಸಣ್ಣ ಬಳಗಕ್ಕೆ

ಮೂರು ನಾಲ್ಕು ತಿಂಗಳಲ್ಲಿ ಯಾರ ಓದು ನಿಮಗೆ ನೆರವಾಗುತ್ತದೆಂದು ತಿಳಿದಿರುತ್ತದೆ. ಅಂಥ ನಾಲ್ಕೈದು ಮಂದಿಯನ್ನು ಕೇಳಿ ಬೇರೆಯಾಗಿ ಬಳಗ ಮಾಡಿಕೊಳ್ಳಿ. ಮೂವರಿಗಿಂತ ಕಡಿಮೆಯಾದರೆ ಒಬ್ಬರು ಬಾರದ ವಾರ ಕೆಲಸ ನಿಲ್ಲುತ್ತದೆ, ಆರು ಮೀರಿದರೆ ನಿಮ್ಮ ಸರದಿ ಬರುವುದು ತಡವಾಗುತ್ತದೆ. ಎರಡು ವಾರಕ್ಕೊಮ್ಮೆ ಭೇಟಿ, ಒಮ್ಮೆಗೆ ಇಬ್ಬರ ಬರಹ, ತಲಾ ಮೂರು ಸಾವಿರ ಪದದ ಮಿತಿ, ಐದು ದಿನ ಮುಂಚೆ ಹಂಚಿಕೆ ಎಂದು ಮೊದಲೇ ಬರೆದಿಡಿ. ಮೊದಲ ಸುತ್ತನ್ನು ಮೂರು ತಿಂಗಳ ಪ್ರಯೋಗ ಎಂದು ಹೇಳಿಕೊಂಡರೆ ಹೊಂದಿಕೆಯಾಗದವರು ಮನಸ್ತಾಪವಿಲ್ಲದೆ ಹೊರಡಬಹುದು. ಬಳಗ ಕೆಡುವುದು ಜಗಳದಿಂದ ಅಲ್ಲ, ಒಬ್ಬರು ಸತತ ಓದದೆ ಬಂದು ಉಳಿದವರು ಸುಮ್ಮನಿರುವುದರಿಂದ. ಎರಡನೇ ಸಲವೇ ಆ ಮಾತು ಎತ್ತಿ.

ಬಂದ ವಿಮರ್ಶೆಗಳನ್ನು ತಾಣದಲ್ಲೇ ಬಿಡಬೇಡಿ. ಯಾಹೂ ಗ್ರೂಪ್ಸ್‌ನಲ್ಲಿ ವರ್ಷಗಟ್ಟಲೆ ಕೂಡಿಟ್ಟ ಬರಹಗಳು 2019ರ ಡಿಸೆಂಬರ್‌ನಲ್ಲಿ ಅಳಿದುಹೋದವು. ನವೆಂಬರ್ ತಿಂಗಳಲ್ಲಿ 50,000 ಪದಗಳ ಕಾದಂಬರಿ ಬರೆಯುವ ಅಭಿಯಾನವಾಗಿ 1999ರಲ್ಲಿ ಹುಟ್ಟಿದ ನ್ಯಾನೊರೈಮೊ ಸಂಸ್ಥೆ 2025ರಲ್ಲಿ ಬಾಗಿಲು ಹಾಕುವುದಾಗಿ ಪ್ರಕಟಿಸಿತು. ತಿಂಗಳಿಗೊಮ್ಮೆ ನಿಮ್ಮ ಪೋಸ್ಟ್, ಅದಕ್ಕೆ ಬಂದ ಅಭಿಪ್ರಾಯ, ನೀವು ಬರೆದ ವಿಮರ್ಶೆ ಮೂರನ್ನೂ ದಿನಾಂಕದ ಹೆಸರಿನ ಕಡತಕ್ಕೆ ಇಳಿಸಿ, ಒಂದು ಪ್ರತಿಯನ್ನು ಕಂಪ್ಯೂಟರ್‌ನಲ್ಲೂ ಇನ್ನೊಂದನ್ನು ಪೆನ್‌ಡ್ರೈವ್‌ನಲ್ಲೂ ಇಡಿ. ಆಪ್ತ ಓದುಗರ ಮಿಂಚಂಚೆಯನ್ನು, ಅವರ ಒಪ್ಪಿಗೆ ಪಡೆದು, ಅದೇ ಕಡತದ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ.